ಸವೆಯುವ ಭಾಗಗಳು ಸೇರಿಲ್ಲ

ಕಾರಿನ ಸರ್ವಿಸ್ ಸೆಂಟರಿನಲ್ಲಿ ಕಾಯುವವರಿಗೆಂದು ಹಾಕಿದ್ದ ಸೋಫಾ ಎಷ್ಟು ಮೆತ್ತಗಿತ್ತೆಂದರೆ, ಅದರಲ್ಲಿ ಕೂತವರಿಗೆ ಏಳುವ ಮನಸ್ಸೂ ಬರುತ್ತಿರಲಿಲ್ಲ, ಮನಸ್ಸು ಬಂದರೂ ಸೊಂಟ ಒಪ್ಪುತ್ತಿರಲಿಲ್ಲ. ಡಾಕ್ಟ್ರಮ್ಮನಿಗೆ ಇದು ಕೂತ ಕೂಡಲೇ ಗೊತ್ತಾಯಿತು. ಇಂಥ ಸೋಫಾಗಳನ್ನು ಮೊದಲು ಮನೆಯಿಂದ ಆಚೆ ಹಾಕಿ ಎಂದು ಆಕೆ ದಿನವೂ ಯಾವುದಾದರೊಂದು ಮನೆಯಲ್ಲಿ ಹೇಳುತ್ತಲೇ ಇರುತ್ತಾಳೆ. ಆದರೂ ಎದ್ದು ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಈಗಷ್ಟೇ, ಯಾರೂ ತನ್ನನ್ನು ಏನೂ ಕೇಳದ ಒಂದು ಜಾಗ ಸಿಕ್ಕಿತ್ತು. ಸೊಂಟ ಹಾಳಾದರೆ ಹಾಳಾಗಲಿ ಎಂದುಕೊಂಡು ಕಣ್ಣು ಮುಚ್ಚಿದಳು.

ನಿಜ ಹೇಳಬೇಕೆಂದರೆ ಆಕೆ ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಆ ಶಬ್ದಕ್ಕೆ ನಾಲಿಗೆ ಹೊರಳದ ಮುದುಕ ಮುದುಕಿಯರು ಡಾಕ್ಟ್ರಮ್ಮ ಎಂದು ಕರೆಯತೊಡಗಿದರು. ಮೊದಮೊದಲು ಆಕೆ ತಿದ್ದುತ್ತಿದ್ದಳು, ಆಮೇಲೆ ಸಾಕಾಗಿ ಬಿಟ್ಟಳು. ಈಗ ಬೀದಿಯಲ್ಲಿ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಆಕೆ ತಿರುಗಿ ನೋಡುತ್ತಾಳೋ ಇಲ್ಲವೋ ಹೇಳುವುದು ಕಷ್ಟ.

ಆಸ್ಪತ್ರೆಯ ಕೆಲಸ ಬಿಟ್ಟು, ಮನೆಮನೆಗೆ ಹೋಗಿ ಚಿಕಿತ್ಸೆ ಕೊಡಲು ಶುರು ಮಾಡಿದಾಗ ಕೊಂಡ ಕಾರು ಇದು. ಚಿಕ್ಕ ಕಾರು. ಹಿಂದಿನ ಡಿಕ್ಕಿಯಲ್ಲಿ ಒಂದು ಮಡಚುವ ಮೇಜು, ನಾಲ್ಕು ದಿಂಬು, ಬೆಲ್ಟುಗಳು, ರಬ್ಬರ್ ಚೆಂಡುಗಳು. ಆ ಮೇಜೋ, ಹಟ ಹಿಡಿದ ಮಗುವಿನಷ್ಟು ಭಾರ, ಅಷ್ಟೇ ಒರಟು. ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ಅದನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಬೇಕು. ಬಿದ್ದವರು, ಆಪರೇಷನ್ ಆದವರು, ಒಂದು ಬದಿ ಸೋತವರು ಯಾಕೋ ಸದಾ ಮೇಲಿನ ಮಹಡಿಯಲ್ಲೇ ಇರುತ್ತಾರೆ ಎಂಬುದು ಆಕೆಯ ಅನುಭವ. ನೆಲಮಹಡಿಯ ಜನಕ್ಕೆ ರೋಗವೇ ಬರುವುದಿಲ್ಲವೇನೋ.

"ಮೇಡಂ, ಒಂದೇ ನಿಮಿಷ."

ಕಣ್ಣು ತೆರೆದರೆ ಎದುರಿಗೆ ಸರ್ವಿಸ್ ಅಡ್ವೈಸರ್. ಕಿವಿ ಭುಜಗಳ ನಡುವಿನಿಂದ ಆಗಷ್ಟೇ ಇಳಿಸಿದ ಫೋನು ಒಂದು ಕೈಯಲ್ಲಿ, ಇನ್ನೊಂದರಲ್ಲಿ ಹೊಳೆಯುವ ಒಂದು ಮಡಚಿದ ಹಾಳೆ. ಮಾತಿನ ಮಲ್ಲಿ. ಮೂವತ್ತು ದಾಟಿದವಳು, ನಗು ಮಾತ್ರ ಅದೇ ದಿನ ಬೆಳಿಗ್ಗೆ ಇಸ್ತ್ರಿ ಮಾಡಿಸಿಕೊಂಡಂತಿತ್ತು.

"ನಿಮ್ಮ ಕಾರಿಗೆ ಒಂದು ಒಳ್ಳೆ ಪ್ಲಾನ್ ಇದೆ ಮೇಡಂ. ಈಗ ಒಂದ್ಸಲ ದುಡ್ಡು ಕಟ್ಟಿಬಿಡಿ, ನಾಲ್ಕು ವರ್ಷ ಸರ್ವಿಸ್‌ಗೆ ಕೈಯಿಂದ ಏನೂ ಬಿಚ್ಚೋ ಹಾಗಿಲ್ಲ. ಆಯಿಲ್, ಫಿಲ್ಟರ್, ಕೂಲಿ, ಎಲ್ಲ ಸೇರಿದೆ. ನಾಳೆ ರೇಟ್ ಏರಿದ್ರೂ ನಿಮಗೆ ತಟ್ಟಲ್ಲ."

"ನೋಡೋಣಮ್ಮ."

"ನೋಡೋಕೇನಿದೆ ಮೇಡಂ. ನೀವು ದಿನಾ ಓಡಿಸೋರು. ನಿಮ್ಮಂಥೋರಿಗೇ ಮಾಡಿರೋದು ಇದು. ಶನಿವಾರದವರೆಗೆ ಮಾತ್ರ ಈ ರೇಟು. ನಾಲ್ಕು ವರ್ಷ ಹಾಯಾಗಿ ಓಡಿಸ್ಕೊಂಡಿರಿ."

ನಾಲ್ಕು ವರ್ಷ ಎಂಬ ಮಾತು ಡಾಕ್ಟ್ರಮ್ಮನ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. ಅಡ್ವೈಸರ್ ಸಹಿಗೆಂದು ಇವತ್ತಿನ ಸರ್ವಿಸಿನ ಚೀಟಿ ಮತ್ತು ಪೆನ್ನು ಚಾಚಿದಳು. ಡಾಕ್ಟ್ರಮ್ಮ ಪೆನ್ನನ್ನು ತೋರುಬೆರಳು ಮತ್ತು ನಡುಬೆರಳ ನಡುವೆ ಸಿಕ್ಕಿಸಿಕೊಂಡು, ಸಿಗರೇಟು ಹಿಡಿದವರ ಹಾಗೆ, ಹೇಗೋ ಸಹಿ ಗೀಚಿದಳು. ಹೆಬ್ಬೆರಳನ್ನು ಸುಮ್ಮನೆ ಪಕ್ಕಕ್ಕೆ ಬಿಟ್ಟಿದ್ದಳು. ಅಡ್ವೈಸರ್ ಅದನ್ನು ಗಮನಿಸಲಿಲ್ಲ, ಅವಳಿಗೆ ಅವಳದೇ ಚಿಂತೆಯಿತ್ತು.

"ಮೇಡಂ, ನೀವು ಫಿಸಿಯೋ ಅಲ್ವಾ? ತಪ್ಪು ತಿಳ್ಕೋಬೇಡಿ, ನನಗೆ ಈ ಕಡೆ ಕತ್ತು ತಿರುಗಿಸಿದ್ರೆ ಚುರ್ ಅನ್ನುತ್ತೆ."

ಇದು ಆಕೆಯ ಹಣೆಬರಹ. ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ, ಪರಿಚಯವಾದ ಮರುಕ್ಷಣ ಜನ ಮಂಡಿಯನ್ನೋ ಮೊಣಕೈಯನ್ನೋ ಮುಂದಕ್ಕೆ ಚಾಚುತ್ತಾರೆ. ಡಾಕ್ಟ್ರಮ್ಮ ಮೆತ್ತನೆಯ ಸೋಫಾದಿಂದ ಪ್ರಯಾಸಪಟ್ಟು ಎದ್ದು, ಅವಳ ಕತ್ತನ್ನು ಹಿಡಿದು ನೋಡಿ, ಫೋನನ್ನು ಭುಜಕ್ಕೆ ಒತ್ತಿಕೊಂಡು ಮಾತಾಡಬೇಡ, ಬಿಸಿನೀರಿನ ಶಾಖ ಕೊಡು ಎಂದು ಹೇಳಿದಳು. ಕತ್ತು ನೋಡುವಾಗ ಬಳಸಿದ್ದು ಎಡಗೈಯನ್ನು ಮಾತ್ರ.

ಆ ಬಲಗೈಯ ಕಥೆ ಹೀಗಿದೆ. ಹೆಬ್ಬೆರಳಿನ ಬುಡದಲ್ಲಿ ಮೊದಲು ಒಂದು ಸಣ್ಣ ಚಳುಕು. ಮಲಗೆದ್ದರೆ ಹೋಗುತ್ತಿತ್ತು. ಆಮೇಲೆ ಮಲಗೆದ್ದರೂ ಹೋಗದಾಯಿತು. ಬೇರೆಯವರ ಬಿಗಿದ ಬೆನ್ನುಗಳನ್ನು, ಗಂಟುಕಟ್ಟಿದ ಮೀನಖಂಡಗಳನ್ನು ವರ್ಷಗಟ್ಟಲೆ ಒತ್ತಿ ಸಡಿಲಿಸಿದ ಬೆರಳು ಕೊನೆಗೆ ತಾನೇ ಬಿಗಿದುಕೊಂಡಿತು. ಈಗಂತೂ ಬೀಗದ ಕೈ ತಿರುಗಿಸಿದರೂ ಮುಂಗೈವರೆಗೆ ಬೆಂಕಿ ಹರಿದ ಹಾಗಾಗುತ್ತದೆ. ಆಕೆ ಮೊಣಕೈಯಿಂದ ಒತ್ತುವುದನ್ನು ಕಲಿತಳು, ಗೆಣ್ಣುಗಳಿಂದ ಉಜ್ಜುವುದನ್ನು ಕಲಿತಳು. ರೋಗಿಗಳು ಇದೇನೋ ಹೊಸ ವಿದ್ಯೆ ಎಂದುಕೊಂಡು ಇನ್ನಷ್ಟು ಮೆಚ್ಚಿದರು. ಯಾರಿಗೂ ಹೇಳಲಿಲ್ಲ. ನೋವು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಬಲಿಯುತ್ತೆ ಎಂದು ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ತನ್ನ ನೋವನ್ನು ಮಾತ್ರ ಸೆರಗಿನ ಗಂಟಿನ ಹಾಗೆ ಬಚ್ಚಿಟ್ಟುಕೊಂಡಳು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಕೈ ನೋವಿನ ಫಿಸಿಯೋಥೆರಪಿಸ್ಟನ್ನು ಯಾರು ಮನೆಗೆ ಕರೆದಾರು. ಮನೆ ನಡೆಯುತ್ತಿದ್ದುದೂ ಹೆಚ್ಚುಕಡಿಮೆ ಆಕೆಯ ಕೈಯಿಂದಲೇ.

ಆದ್ದರಿಂದ, ಆ ಹೊಳೆಯುವ ಹಾಳೆಯನ್ನು ಬ್ಯಾಗಿಗೆ ತುರುಕಿಕೊಂಡು ಮನೆಗೆ ಹೊರಟಾಗ ಆಕೆಯ ತಲೆಯಲ್ಲಿ ಇದ್ದದ್ದು ಎಂಜಿನ್ ಆಯಿಲ್ ಅಲ್ಲ. ಇನ್ನು ನಾಲ್ಕು ವರ್ಷ ನಾನು ಈ ಕೆಲಸ ಮಾಡುತ್ತೇನೆಯೇ, ಮಾಡಬಲ್ಲೆನೇ? ಪ್ಲಾನ್ ತೆಗೆದುಕೊಂಡರೆ ಹೌದು ಎಂದು ಬರೆದುಕೊಟ್ಟ ಹಾಗೆ. ತೆಗೆದುಕೊಳ್ಳದಿದ್ದರೆ ಯಾಕೆ ಎಂದು ಮನೆಯಲ್ಲಿ ಹೇಳಬೇಕು.

*

ಗಂಡ ಕರಡು ತಿದ್ದುವವನು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕಿ ಗುರುತು ಹಾಕುವ ಕೆಲಸ. ಮುಂಚೆ ಪ್ರೆಸ್ಸಿಗೆ ಹೋಗುತ್ತಿದ್ದ, ಈಗ ಊಟದ ಮೇಜಿನ ಒಂದು ತುದಿಯನ್ನೇ ಪ್ರೆಸ್ಸು ಮಾಡಿಕೊಂಡಿದ್ದಾನೆ. ಒಂದು ಕಣ್ಣು ಚಿಕ್ಕಂದಿನಿಂದ ಮಂದ. ಉಳಿದ ಒಂದು ಕಣ್ಣು ಎರಡರ ಕೆಲಸ ಮಾಡುತ್ತದೆ. ಕಾರು ಕಲಿಯಲು ಒಮ್ಮೆ ಹೋಗಿದ್ದ. ದಾರಿಯ ಬೋರ್ಡೊಂದರಲ್ಲಿ ತಪ್ಪು ಕಂಡು ನಡುರಸ್ತೆಯಲ್ಲೇ ಬ್ರೇಕು ಹಾಕಿದನಂತೆ. ಕಲಿಸುವಾತ ಅವತ್ತೇ ಕೈಮುಗಿದು ಕಳಿಸಿದ. ಅಲ್ಲಿಗೆ ಮನೆಯಲ್ಲಿ ಕಾರು ಓಡಿಸುವವರು ಒಬ್ಬರೇ ಎಂದಾಯಿತು.

ಆಕೆ ಒಳಗೆ ಬಂದು ಚಪ್ಪಲಿ ಬಿಟ್ಟು, ಅಡಿಗೆಮನೆಯಿಂದ ಸಕ್ಕರೆ ಡಬ್ಬಿ ತಂದು ಗಂಡನ ಮುಂದಿಟ್ಟಳು. ಆತ ಕರಡಿನಿಂದ ತಲೆ ಎತ್ತದೆಯೇ ಮುಚ್ಚಳ ತಿರುಗಿಸಿ ತೆಗೆದುಕೊಟ್ಟ.

"ನೋಡಿದ್ಯಾ, ನಾನು ಇನ್ನೂ ಉಪಯೋಗಕ್ಕೆ ಬರ್ತೀನಿ."

ಇದು ದಿನದ ಮಾತು. ಸಂಜೆ ಡಬ್ಬಿಯನ್ನೋ ಬಾಟಲಿಯನ್ನೋ ಹಿಡಿದು ಹೆಂಡತಿ ತನ್ನ ಬಳಿ ಬರುವುದು ಆತನಿಗೆ ಇಷ್ಟ. ಮದುವೆಯಾದ ಹೊಸತರಲ್ಲಿ ಹೀಗೆ ಬರುತ್ತಿರಲಿಲ್ಲ, ಆಗ ತಾನೇ ಟಕ್ಕೆಂದು ತೆಗೆಯುತ್ತಿದ್ದಳು. ವಯಸ್ಸಾದ ಮೇಲೆ ಅಕ್ಕರೆ ಹೆಚ್ಚಾಗಿದೆ ಎಂದು ಆತ ಲೆಕ್ಕ ಹಾಕಿಕೊಂಡಿದ್ದ. ಆಕೆಯೂ ಆ ಲೆಕ್ಕವನ್ನು ಕೆಡಿಸಲು ಹೋಗಲಿಲ್ಲ.

ಕಾಫಿ ಕುಡಿಯುತ್ತ ಹಾಳೆಯನ್ನು ಕೊಟ್ಟಳು. ಗಂಡನ ಮುಖ ಅರಳಿತು. ಓದಲು ಏನಾದರೂ ಕೊಟ್ಟರೆ ಸಾಕು, ಅದರಲ್ಲೂ ಸಣ್ಣ ಅಕ್ಷರವಾದರೆ ಆತನಿಗೆ ಹಬ್ಬ. ಮುಂದಿನ ಪುಟದ ನಗುವ ಸಂಸಾರದ ಚಿತ್ರವನ್ನು ಮೂಸಿಯೂ ನೋಡದೆ ನೇರವಾಗಿ ಹಿಂದಿನ ಷರತ್ತುಗಳಿಗೆ ಹೋದ. ಪೆನ್ಸಿಲ್ ಕಿವಿಯಿಂದ ಕೈಗೆ ಬಂತು.

"ಕೇಳು ಇಲ್ಲಿ. ಆಯಿಲ್ ಸೇರಿದೆ. ಫಿಲ್ಟರ್ ಸೇರಿದೆ. ಬ್ರೇಕ್ ಪ್ಯಾಡ್ ಸೇರಿಲ್ಲ. ಟೈರ್ ಸೇರಿಲ್ಲ. ಬ್ಯಾಟರಿ, ವೈಪರ್, ಕ್ಲಚ್, ಯಾವುದೂ ಸೇರಿಲ್ಲ. ಕೆಳಗೆ ಒಂದೇ ಮಾತಲ್ಲಿ ಕೈ ತೊಳ್ಕೊಂಡಿದಾರೆ ನೋಡು, ಬಳಕೆಯಿಂದ ಸವೆಯುವ ಭಾಗಗಳು ಸೇರಿಲ್ಲ." ಆತ ನಕ್ಕ. "ಅಂದ್ರೆ, ಯಾವುದು ಹಾಳಾಗುತ್ತೋ ಅದನ್ನ ನೋಡ್ಕೊಳ್ಳಲ್ಲ. ಯಾವುದು ಹಾಳಾಗಲ್ವೋ ಅದನ್ನ ಚೆನ್ನಾಗಿ ನೋಡ್ಕೋತಾರೆ."

"ಹಾಗಾದ್ರೆ ಬೇಡ ಅಂತೀರಾ?"

"ತಡಿಯೇ, ಅವಸರ ಏನು."

ಕರಡಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ದಿನಕ್ಕೆ ಇಷ್ಟು ಮನೆ, ಮನೆಗೆ ಇಷ್ಟು ದೂರ, ತಿಂಗಳಿಗೆ, ವರ್ಷಕ್ಕೆ, ನಾಲ್ಕು ವರ್ಷಕ್ಕೆ. ಡಾಕ್ಟ್ರಮ್ಮ ಗಂಡನ ಪೆನ್ಸಿಲ್ಲನ್ನೇ ನೋಡುತ್ತ ಕೂತಳು. ಎಲ್ಲೋ ಒಂದು ಕಡೆ ಪೆನ್ಸಿಲ್ ನಿಂತು, ನೀನು ಇಷ್ಟೇ ಮನೆ ಮಾಡ್ತೀಯಾ ಅಲ್ಲಿಯವರೆಗೂ, ಎಂದು ಕೇಳೀತು ಎಂದು ಕಾದಳು. ಪೆನ್ಸಿಲ್ ನಿಲ್ಲಲಿಲ್ಲ. ಮೂರನೇ ವರ್ಷ ದಾಟಿ ನಾಲ್ಕನೆಯದಕ್ಕೆ ಹೋಯಿತು.

"ಮುಂದಿನ ವರ್ಷದಿಂದ ಇನ್ನೆರಡು ಮನೆ ಹೆಚ್ಚಾಗಬಹುದು ಅಂತ ಹಿಡಿದೆ. ಹಾಗೆ ನೋಡಿದ್ರೆ ಲಾಭವೇ ಕಣೆ. ತಗೋ."

"ಇನ್ನೆರಡು ಮನೆನಾ?"

"ಯಾಕೆ, ನಿನ್ನ ಕೈಗುಣಕ್ಕೆ ಜನ ಕ್ಯೂ ನಿಲ್ತಾರೆ."

ಆಕೆಗೆ ಒಂದು ಕ್ಷಣ ಆ ಹಾಳೆಯನ್ನು ಕಿತ್ತುಕೊಂಡು ಹರಿದುಹಾಕಬೇಕೆನ್ನಿಸಿತು. ಸಿಟ್ಟು ಗಂಡನ ಮೇಲಲ್ಲ, ಹಾಗಂತ ಗಂಡನ ಮೇಲೆ ಅಲ್ಲವೇ ಅಲ್ಲ ಎಂದೂ ಇಲ್ಲ. ಅಲ್ಪವಿರಾಮ ಒಂದು ಕೂದಲಷ್ಟು ಆಚೀಚೆಯಾದರೆ ಕಾಣುವ ಕಣ್ಣಿಗೆ ಎದುರಿಗೆ ಕೂತ ಹೆಂಡತಿ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದಿರುವುದು ಕಾಣುವುದಿಲ್ಲವೇ. ಆದರೆ ಹೇಳದಿದ್ದದ್ದು ತಾನೇ ಅಲ್ಲವೇ ಎಂದೂ ಅನ್ನಿಸಿತು. ಹೀಗೆ ಆ ಕಡೆಗೂ ಈ ಕಡೆಗೂ ಯೋಚಿಸುವಷ್ಟು ತ್ರಾಣವೂ ಉಳಿದಿರಲಿಲ್ಲ. ಲೋಟ ತೊಳೆಯದೆ ಸಿಂಕಿನಲ್ಲಿಟ್ಟು ಹೋಗಿ ಮಲಗಿದಳು.

*

ಶುಕ್ರವಾರ ಗಡಿಯಾರದ ತಾತನ ಮನೆ. ತಾತ ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವನು. ಕೆಳಗಿನ ಅಂಗಡಿಗೆ ಈಗ ಶಟರ್ ಎಳೆದಿದೆ, ಮೇಲಿನ ಮಹಡಿಯಲ್ಲಿ ತಾತ, ಮನೆಯಲ್ಲೇ ಹೊಲಿಗೆ ಮಾಡುವ ಸೊಸೆ. ಮಗ ಬಸ್ಸು ಓಡಿಸುತ್ತಾನೆ, ಹಗಲು ಸಿಗುವುದಿಲ್ಲ. ತಾತನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಮುಷ್ಟಿ ಬಿಗಿದುಕೊಂಡಿತ್ತು. ಆ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸುವುದೇ ಡಾಕ್ಟ್ರಮ್ಮನ ಕೆಲಸ. ಬಿಡಿಸಿ ಬಂದರೆ ಮುಂದಿನ ಸಲದ ಹೊತ್ತಿಗೆ ಮತ್ತೆ ಅರ್ಧ ಮುಚ್ಚಿಕೊಂಡಿರುತ್ತದೆ.

ತಾತನದೊಂದು ವಿಚಿತ್ರ ಪದ್ಧತಿ. ಡಾಕ್ಟ್ರಮ್ಮ ಹತ್ತು ಸಲದ ಭೇಟಿಗೆ ಒಟ್ಟಿಗೆ ದುಡ್ಡು ತೆಗೆದುಕೊಂಡರೆ ಸ್ವಲ್ಪ ಕಡಿಮೆ ಮಾಡುತ್ತಾಳೆ. ಬೇರೆಯವರು ಹತ್ತು ಮುಗಿದ ಮೇಲೆ, ಬೇಕೆನಿಸಿದರೆ, ಇನ್ನೊಂದು ಹತ್ತಕ್ಕೆ ಕೊಡುತ್ತಾರೆ. ತಾತ ಮಾತ್ರ ಎಂದೂ ಮುಗಿಯಗೊಡುವುದಿಲ್ಲ. ಎರಡು ಬಾಕಿ ಇರುವಾಗಲೇ ದಿಂಬಿನ ಕೆಳಗಿನಿಂದ ಮುಂದಿನ ಕವರು ಹೊರಬರುತ್ತದೆ. ಮುಂಗಡ ಕೊಟ್ಟ ಭೇಟಿ ಬಾಕಿ ಇರುವವರೆಗೆ ತನಗೆ ಏನೂ ಆಗುವುದಿಲ್ಲ ಎಂದು ಆತನ ನಂಬಿಕೆ. ಸಾವು ಬಂದರೂ, ತಡಿಯಪ್ಪ, ಇನ್ನೂ ಎರಡಿದೆ, ಎಂದು ಹೇಳಿ ಕಳಿಸಬಹುದು ಎನ್ನುತ್ತಾನೆ. ಡಾಕ್ಟ್ರಮ್ಮ ಇದನ್ನು ಗಂಡನಿಗೆ ಹೇಳಿ ಎಷ್ಟೋ ಸಲ ನಕ್ಕಿದ್ದಾಳೆ.

ಮೇಜು ಬಿಡಿಸಿ, ತಾತನನ್ನು ಅಣಿಗೊಳಿಸಿ, ಭುಜದಿಂದ ಶುರು ಮಾಡಿದಳು. ಪಕ್ಕದ ಕೋಣೆಯಲ್ಲಿ ಸೊಸೆಯ ಹೊಲಿಗೆ ಯಂತ್ರ ಓಡುತ್ತಿತ್ತು. ಮಾತಿಗೆ ಮಾತು ಬಂದು ಕಾರಿನ ಪ್ಲಾನಿನ ವಿಷಯ ಹೇಳಿದಳು.

"ತಗೊಂಬಿಡಿ," ಎಂದ ತಾತ ಹಿಂದೆ ಮುಂದೆ ನೋಡದೆ. "ದುಡ್ಡು ಕೊಟ್ಟಿದ್ರೆ ಹಕ್ಕು ಇರುತ್ತೆ ಡಾಕ್ಟ್ರಮ್ಮ. ಇಸ್ಕೊಂಡೋರು ಬರಲೇಬೇಕು."

"ಅವರೆಲ್ಲಿ ಬರ್ತಾರೆ ತಾತ. ಕಾರು ತಗೊಂಡು ನಾನು ಹೋಗ್ಬೇಕು."

ತಾತ ಸ್ವಲ್ಪ ಯೋಚಿಸಿದ. "ಹಾಗಾದ್ರೆ ನೀವು ಹೋಗಲೇಬೇಕು. ಅಷ್ಟೇ ವ್ಯತ್ಯಾಸ."

ಅಷ್ಟೇ ವ್ಯತ್ಯಾಸ. ಆಕೆ ನಗಲು ಹೋದಳು, ನಗು ಬರಲಿಲ್ಲ. ಭುಜ ಮುಗಿಸಿ ಮೊಣಕೈಗೆ ಬಂದಳು, ಅಲ್ಲಿಂದ ಮುಷ್ಟಿಗೆ. ಮುಷ್ಟಿ ಬಿಡಿಸಲು ಗೆಣ್ಣಾಗಲಿ ಮೊಣಕೈಯಾಗಲಿ ಕೆಲಸಕ್ಕೆ ಬಾರವು. ಅಲ್ಲಿ ಹೆಬ್ಬೆರಳೇ ಬೇಕು. ಅದನ್ನು ತಾತನ ಅಂಗೈಯೊಳಗೆ ತೂರಿಸಿ, ಹಲ್ಲು ಕಚ್ಚಿ ಒತ್ತಿದಳು. ತಾತನ ಎರಡು ಬೆರಳು ಬಿಟ್ಟವು. ಮೂರನೆಯದಕ್ಕೆ ಹೋದಾಗ ಹೆಬ್ಬೆರಳಿನ ಬುಡದಲ್ಲಿ ಏನೋ ಜಾರಿದಂತಾಯಿತು. ಕಣ್ಣು ಕತ್ತಲಿಟ್ಟಿತು. ಹಿಡಿದಿದ್ದ ತಾತನ ಕೈ ತಪ್ಪಿ ಮೇಜಿನ ಕಬ್ಬಿಣದ ಅಂಚಿಗೆ ಹೋಗಿ ಬಡಿಯಿತು.

ಇಷ್ಟು ವರ್ಷದಲ್ಲಿ ಆಕೆ ಒಬ್ಬ ರೋಗಿಯ ಕೈಯನ್ನೂ ಬಿಟ್ಟವಳಲ್ಲ. ತಾತನಿಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ, ಆ ಕೈಗೆ ಸ್ಪರ್ಶವೇ ಕಡಿಮೆ. ಆತ ನೋಡುತ್ತಿದ್ದದ್ದು ತನ್ನ ಕೈಯನ್ನಲ್ಲ, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿ ನಿಂತ ಡಾಕ್ಟ್ರಮ್ಮನನ್ನು.

"ಯಾವಾಗಿಂದ?"

"ಏನಿಲ್ಲ ತಾತ, ಸ್ವಲ್ಪ ಉಳುಕಿತು."

"ನನ್ನ ಹತ್ರ ಸುಳ್ಳು ಹೇಳ್ಬೇಡಿ. ಉಳುಕಿದ್ರೆ ಮುಖ ಹೀಗಾಗಲ್ಲ."

ಆಕೆ ಮೇಜಿನ ತುದಿಯಲ್ಲಿ ಕೂತಳು. "ಒಂದು ವರ್ಷದ ಮೇಲಾಯ್ತು," ಎಂದಳು. ಹೇಳಿಯೇಬಿಟ್ಟಳು. ನೆಲ ಬಾಯ್ಬಿಡಲಿಲ್ಲ, ಹೊಲಿಗೆ ಯಂತ್ರವೂ ನಿಲ್ಲಲಿಲ್ಲ.

"ವಾಸಿ ಆಗುತ್ತಾ?"

"ಕೆಲಸ ಕಡಿಮೆ ಮಾಡಿದ್ರೆ ಇಷ್ಟಕ್ಕೇ ನಿಲ್ಲಬಹುದು. ಹೀಗೇ ಮಾಡಿದ್ರೆ ಇಲ್ಲ." ಬೇರೆಯವರಿಗೆ ಹೇಳುವಾಗಿನ ದನಿಯಲ್ಲೇ ಹೇಳಿದಳು.

ತಾತ ಅಯ್ಯೋ ಪಾಪ ಎನ್ನುತ್ತಾನೆಂದು ಆಕೆ ಅಂದುಕೊಂಡಿರಬಹುದು. ಆತ ಹಾಗೇನೂ ಅನ್ನಲಿಲ್ಲ. ಆತನ ಮುಖದಲ್ಲಿ ಬಂದದ್ದು ದಿಗಿಲು. ಆಡುವ ಎಡಗೈಯನ್ನು ಮಂಚದ ಕಡೆ ಚಾಚಿ, ತಡಕಾಡಿ, ದಿಂಬಿನ ಕೆಳಗಿನಿಂದ ಕವರು ಎಳೆದ. ಒಂದಲ್ಲ, ಎರಡು, ಆಮೇಲೆ ಇನ್ನೊಂದು. ಮೂರನ್ನೂ ಆಕೆಯ ಮಡಿಲಿಗೆ ತುರುಕತೊಡಗಿದ.

"ಇಟ್ಕೊಳ್ಳಿ. ಪೂರ್ತಿ ವರ್ಷದ್ದು. ಇನ್ನೂ ಬೇಕಾದ್ರೆ ಮಗನಿಗೆ ಹೇಳ್ತೀನಿ. ಈಗ ಇಸ್ಕೊಳ್ಳಿ ಮೊದಲು."

"ತಾತ, ಬೇಡ."

"ನೀವು ಬರದೇ ಇದ್ರೆ ನಾನು ಹೋಗ್ಬಿಡ್ತೀನಿ ಡಾಕ್ಟ್ರಮ್ಮ."

ಇದನ್ನು ಆತ ತಮಾಷೆಗೆ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ಡಾಕ್ಟ್ರಮ್ಮ ಆ ಕವರುಗಳನ್ನು ನೋಡಿದಳು. ಇದುವರೆಗೆ ಅವು ತಾತನ ಆಯುಷ್ಯದ ಗುತ್ತಿಗೆ ಎಂದುಕೊಂಡು ನಗುತ್ತಿದ್ದಳು. ಅವು ತನ್ನ ಕಾಲಿಗೆ ಕಟ್ಟಿದ ಹಗ್ಗವೂ ಹೌದು ಎಂದು ಈಗ ಹೊಳೆಯಿತು. ಅರ್ಧ ಜೀವ ಆ ಕವರು ಇಸಿದುಕೊಂಡು ತಲೆಯಾಡಿಸಿ ಎದ್ದು ಹೋಗು ಎನ್ನುತ್ತಿತ್ತು, ಯಾಕೆಂದರೆ ಅದು ಸುಲಭ, ಮತ್ತು ಆಕೆಗೆ ಬಹಳ ಸುಸ್ತಾಗಿತ್ತು. ಸುಸ್ತಾದವರು ಇಲ್ಲ ಎನ್ನುವುದಕ್ಕಿಂತ ಹೂಂ ಎನ್ನುವುದೇ ಹೆಚ್ಚು.

"ಈ ದುಡ್ಡು ಇಸ್ಕೊಂಡ್ರೆ ನನ್ನ ಬೆರಳು ಸರಿ ಹೋಗುತ್ತಾ ತಾತ?" ಎಂದು ಕೇಳಿದಳು. ದನಿ ತನ್ನದೇ ಎನಿಸದಷ್ಟು ಗಟ್ಟಿಯಾಗಿ ಬಂತು.

ಆಕೆ ಮೂರೂ ಕವರುಗಳನ್ನು ದಿಂಬಿನ ಕೆಳಗೆ ವಾಪಸ್ ಇಟ್ಟು, ಸೊಸೆಯನ್ನು ಕರೆದಳು. ಯಂತ್ರ ನಿಂತಿತು. ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಸೊಸೆ ಬಂದಳು.

"ಕೈ ತೋರಿಸಮ್ಮ."

ದಿನವಿಡೀ ದಪ್ಪ ಬಟ್ಟೆ ಕತ್ತರಿಸುವ ಕೈ, ಗಟ್ಟಿಮುಟ್ಟಾಗಿತ್ತು. ಡಾಕ್ಟ್ರಮ್ಮ ಅವಳ ಹೆಬ್ಬೆರಳನ್ನು ತಾತನ ಅಂಗೈಯಲ್ಲಿ ಇಡಿಸಿ, ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು, ಎಷ್ಟು ಹೊತ್ತು ಹಿಡಿದಿರಬೇಕು ಎಂದು ಹೇಳಿಕೊಡತೊಡಗಿದಳು. ತಾತ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

"ಇವಳ ಕೈ ಮರದ ಕೊರಡು."

"ಮಾವ, ಸುಮ್ನಿರಿ. ನಿಮ್ಮ ಅಂಗಿ ಗುಂಡಿ ಇದೇ ಕೊರಡೇ ಹಾಕೋದು."

ತಾತನ ಬೆರಳುಗಳು ಬಿಡಲು ನಿಧಾನ ಮಾಡಿದವು. ಸೊಸೆಗೆ ಅವಸರ, ಡಾಕ್ಟ್ರಮ್ಮ ತಡೆದು ತಡೆದು ಹೇಳಬೇಕಾಯಿತು. ಕೊನೆಗೆ ಮೂರನೇ ಬೆರಳು ಬಿಟ್ಟಿತು, ಸ್ವಲ್ಪ ತಡವಾಗಿ ನಾಲ್ಕನೆಯದೂ. ತಾತ ಗೋಡೆ ನೋಡುತ್ತಲೇ ಇದ್ದ. ಹೊರಡುವಾಗ ಮಾತ್ರ, "ಬಾಕಿ ಎರಡಿದೆ, ಮರೀಬೇಡಿ," ಎಂದ.

"ಮರೆಯಲ್ಲ. ಎರಡರಲ್ಲಿ ಅವಳು ಕಲ್ತುಬಿಡ್ತಾಳೆ. ಆಮೇಲೆ ನಾನು ಬರೀ ಮಾತಾಡಿಸೋಕೆ ಬರ್ತೀನಿ."

"ಅದಕ್ಕೆ ಎಷ್ಟು?" ಎಂದು ತಾತ ಕೇಳಿದ.

ಮೇಜನ್ನು ಕೆಳಗಿನವರೆಗೆ ಸೊಸೆಯೇ ಹೊತ್ತು ತಂದು ಡಿಕ್ಕಿಗೆ ಹಾಕಿದಳು. ಡಾಕ್ಟ್ರಮ್ಮ ಕಾರಿನಲ್ಲಿ ಕೂತು, ಎಡಗೈಯನ್ನು ಸ್ಟೇರಿಂಗಿನ ಅಡಿಯಿಂದ ತೂರಿಸಿ ಬೀಗದ ಕೈ ತಿರುಗಿಸಿದಳು. ಹೀಗೆ ಮಾಡುವುದು ಎಷ್ಟು ತಿಂಗಳಿಂದ ರೂಢಿಯಾಗಿದೆ ಎಂದು ಆಕೆಗೇ ನೆನಪಿರಲಿಲ್ಲ.

*

ಶನಿವಾರ ಮಧ್ಯಾಹ್ನ ಗಂಡ ಪ್ಲಾನಿನ ಹಾಳೆಯನ್ನು ಅಂದವಾಗಿ ಮಡಚಿ ಮೇಜಿನ ಮೇಲಿಟ್ಟಿದ್ದ. ದುಡ್ಡು ಕಟ್ಟಲು ಎಲ್ಲ ಸಿದ್ಧ ಮಾಡಿಕೊಂಡು, ಹೆಂಡತಿಯ ಒಂದು ಹೂಂಗಾಗಿ ಕಾದಿದ್ದ. ಆಕೆ ಬಂದು, ಆತನ ಎದುರಿಗೆ ಕೂತು, ಬಲಗೈಯನ್ನು ಮೇಜಿನ ಮೇಲೆ, ಕರಡಿನ ಹಾಳೆಗಳ ನಡುವೆ ಇಟ್ಟಳು.

"ಇದನ್ನ ನೋಡಿ."

"ಏನಾಯ್ತು?"

"ಈ ಬೆರಳು ಹೋಗಿದೆ. ಇನ್ನು ನಾಲ್ಕು ವರ್ಷ ಇದು ಓಡಲ್ಲ ರೀ."

ಗಂಡ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಹೆಬ್ಬೆರಳಿನ ಬುಡ ಊದಿಕೊಂಡು, ಮೂಳೆ ಒಂದು ಕಡೆಗೆ ಎದ್ದು ನಿಂತಿತ್ತು. ಅದೇನು ನಿನ್ನೆ ಮೊನ್ನೆಯದಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ಆತ ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಂಡ.

"ಯಾವಾಗಿಂದ ಹೀಗಿದೆ?"

"ಡಬ್ಬಿ ಮುಚ್ಚಳ ತೆಗಿಯೋಕೆ ನಿಮಗೆ ಕೊಡೋಕೆ ಶುರು ಮಾಡಿದ್ನಲ್ಲ. ಆಗಿಂದ."

ಆತನಿಗೆ ಅಷ್ಟೂ ಸಂಜೆಗಳು, ಅಷ್ಟೂ ಡಬ್ಬಿಗಳು, ತಾನು ಉಪಯೋಗಕ್ಕೆ ಬರುತ್ತೇನೆಂದು ಬೀಗಿದ್ದು, ಎಲ್ಲ ಒಟ್ಟಿಗೆ ನೆನಪಾಗಿರಬೇಕು. ಮುಖ ಚಿಕ್ಕದಾಯಿತು. ಬದುಕೆಲ್ಲ ಬೇರೆಯವರ ತಪ್ಪು ಹುಡುಕಿದ ಮನುಷ್ಯ. ತನ್ನದೊಂದು ಎದುರಿಗೇ ಬಂದು ಕೂತರೆ ಅದಕ್ಕೆ ಯಾವ ಗುರುತು ಹಾಕಬೇಕೆಂದು ತಿಳಿಯಲಿಲ್ಲ.

ಫೋನು ಬಡಿದುಕೊಂಡಿತು. ಸರ್ವಿಸ್ ಸೆಂಟರಿನವಳು. ಡಾಕ್ಟ್ರಮ್ಮ ಕೈ ಚಾಚುವ ಮೊದಲೇ ಗಂಡ ಎತ್ತಿಕೊಂಡ.

"ಬೇಡಮ್ಮ," ಎಂದ. ಆ ಕಡೆಯಿಂದ ಮಾತು ಒಂದೇ ಸಮನೆ ಹರಿಯಿತು. ಆತ ಕೇಳಿಸಿಕೊಂಡ. "ಇಲ್ಲಮ್ಮ, ನಿಮ್ಮ ಪ್ಲಾನ್ ಚೆನ್ನಾಗಿದೆ. ಕಾರೂ ಚೆನ್ನಾಗಿದೆ. ನಾನು ಲೆಕ್ಕ ತಪ್ಪು ಹಾಕಿದ್ದೆ." ಅವಳು ತನ್ನ ಕತ್ತು ನೋವಿಗೆ ಡಾಕ್ಟ್ರಮ್ಮನನ್ನು ಕೇಳಿದಾಗ, ಹೆಂಡತಿ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, "ಅವರಿಗೆ ಈಗ ಆಗಲ್ಲ. ಕತ್ತಿಗೆ ಬಿಸಿನೀರಿನ ಶಾಖ ಕೊಡ್ತಾ ಇರಬೇಕಂತೆ," ಎಂದು ಇಟ್ಟುಬಿಟ್ಟ.

ಆ ಸಂಜೆ ಇಬ್ಬರೂ ಕೂತು ಮಾತಾಡಿದರು. ದೂರದ ಮನೆಗಳನ್ನು ಬಿಡುವುದು, ಮೆಟ್ಟಿಲಿರುವ ಮನೆಗಳಲ್ಲಿ ಮನೆಯವರಿಗೇ ಹೇಳಿಕೊಡುವುದು, ಸೋಮವಾರ ಕೈ ತೋರಿಸಲು ಹೋಗುವುದು. ಆತ ಇನ್ನಷ್ಟು ಕರಡು ತರುತ್ತೇನೆಂದ. ಸಾಲುತ್ತದೆಯೇ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆತ ಲೆಕ್ಕ ಹಾಕಲಿಲ್ಲ, ಪೆನ್ಸಿಲ್ ಕಿವಿಯಲ್ಲೇ ಇತ್ತು. ಆಕೆಗೆ ಹಗುರವಾಯಿತು ಎಂದರೆ ಸುಳ್ಳಾದೀತು. ಸುಸ್ತು ಇದ್ದ ಹಾಗೇ ಇತ್ತು. ಆದರೆ ಅದನ್ನು ಬಚ್ಚಿಡುವ ಕೆಲಸವೊಂದು ಕಡಿಮೆಯಾಗಿತ್ತು.

ಭಾನುವಾರ ಬೆಳಿಗ್ಗೆ ಗಂಡ ಇನ್ನೂ ಹಲ್ಲುಜ್ಜುತ್ತಿದ್ದ. ಡಾಕ್ಟ್ರಮ್ಮ ಅಡಿಗೆಮನೆಗೆ ಹೋಗಿ, ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿಯನ್ನು, ಎಂದಿನಂತೆ ಅವನಿಂದ ತೆಗೆಸೋಣವೆಂದು, ಮುಚ್ಚಳದ ಮೇಲೆ ಅಂಗೈ ಹರಡಿ ನಾಲ್ಕು ಬೆರಳಲ್ಲಿ ಹಿಡಿದು ಎತ್ತಿದಳು. ಮುಚ್ಚಳ ಕೈಗೆ ಬಂತು. ಡಬ್ಬಿ ಬರಲಿಲ್ಲ. ಅದು ಹಲಗೆಯ ಅಂಚಿನಿಂದ ಉರುಳಿ, ಕಟ್ಟೆಗೆ ಬಡಿದು, ಮನೆಯಲ್ಲಿದ್ದ ಅಷ್ಟೂ ಸಕ್ಕರೆಯನ್ನು ನೆಲಕ್ಕೆ ಸುರಿಯಿತು.

ಆಕೆ ಹಲಗೆಯತ್ತ ನೋಡಿದಳು. ಕಾಫಿಪುಡಿ ಡಬ್ಬಿಯನ್ನು ಮುಟ್ಟಿದಳು, ಅದರ ಮುಚ್ಚಳ ಅಲುಗಾಡಿತು. ಉಪ್ಪಿನದೂ ಹಾಗೇ. ಬೇಳೆ, ಎಣ್ಣೆ ಬಾಟಲಿ, ಕಿಟಕಿಯಲ್ಲಿದ್ದ ತಲೆಗೆ ಹಚ್ಚುವ ಎಣ್ಣೆ ಕೂಡ. ತಾನು ಮಲಗಿದ ಮೇಲೋ ಏಳುವ ಮುಂಚೆಯೋ, ಆತ ಮನೆಯ ಒಂದೊಂದು ಮುಚ್ಚಳವನ್ನೂ ತಿರುಗಿಸಿ ಸಡಿಲ ಮಾಡಿ, ಬರೀ ಮೇಲೆ ಇಟ್ಟಿದ್ದ. ಹೇಳಬೇಕೆಂದು ಹೊಳೆದಿರಲಿಲ್ಲ.

ಗಂಡ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ. ನೆಲ ನೋಡಿದ, ಹೆಂಡತಿಯ ಕೈಯಲ್ಲಿದ್ದ ಮುಚ್ಚಳ ನೋಡಿದ. ನೊರೆ ತುಂಬಿದ ಬಾಯಲ್ಲಿ ಏನೋ ಹೇಳಿದ, ಅರ್ಥವಾಗಲಿಲ್ಲ.

ಡಾಕ್ಟ್ರಮ್ಮ ಸಕ್ಕರೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು, ನಗುತ್ತಿದ್ದ ಹಾಗೇ ಅಳು ಬಂತು. ಗಂಡ ಮೂಲೆಯಲ್ಲಿದ್ದ ಪೊರಕೆ ಹಿಡಿದು ಬಗ್ಗಿದ. ಆತನಿಗೆ ಗುಡಿಸಲು ಬರುವುದಿಲ್ಲ, ಇದ್ದ ಸಕ್ಕರೆಯನ್ನು ಒಲೆಯ ಕೆಳಕ್ಕೂ ಬಾಗಿಲ ಸಂದಿಗೂ ತಳ್ಳುತ್ತಿದ್ದ. ಬೇರೆ ದಿನವಾಗಿದ್ದರೆ, ಕೊಡಿ ಇಲ್ಲಿ, ಎಂದು ಕಿತ್ತುಕೊಳ್ಳುತ್ತಿದ್ದಳು. ಇವತ್ತು ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಆತ ಗುಡಿಸುವುದನ್ನೇ ನೋಡುತ್ತ ಕೂತಳು.